ತಿಜೋರಿಗೆ ‘ಬರ್ಗ್ಲರ್ ಪ್ರೂಫ್’ ಸರ್ಟಿಫಿಕೇಟ್ ಅಂದ್ರೆ ನಿಜವಾಗ್ಲೂ ಏನು? ಗೊತ್ತಿರೋರು ಹೇಳಿ

ಚಿನಿವಾರ_ಮಗ:

ಎಲ್ರಿಗೂ ನಮಸ್ಕಾರ. ನಗರ್ತಪೇಟೆಲಿ ನಮ್ದೊಂದು ಸಣ್ಣ ಚಿನ್ನದ ಅಂಗಡಿ, ತಾತನ ಕಾಲದ್ದು, ಹಿಂದುಗಡೆನೇ ಕೆಲಸದ ಕೋಣೆ. ಅಪ್ಪ ಈಗ್ಲೂ ದಿನಾ ಬೆಳಿಗ್ಗೆ ಶಟರ್ ಎತ್ತಿ ತಿಜೋರಿಗೆ ಕುಂಕುಮ ಇಟ್ಟು ಕೈ ಮುಗಿದ ಮೇಲೇನೇ ಕೀ ಹಾಕೋದು. ಆ ತಿಜೋರಿನೂ ತಾತಂದೇ, ಹಿತ್ತಾಳೆ ಹಿಡಿ, ಎರಡು ಕೀ, ಬಾಗಿಲು ತೆಗೆಯೋಕೆ ಭುಜ ಕೊಡಬೇಕು ಅಷ್ಟು ಭಾರ. ಮನೇಲಿ ಎಲ್ರಿಗೂ ಅದರ ಮೇಲೆ ದೇವರಷ್ಟು ನಂಬಿಕೆ.

ಹೋದ ತಿಂಗಳು ಗೋಡೆಗೆ ಬಣ್ಣ ಹೊಡಿಸೋಕೆ ಅಂತ ಆರು ಜನ ಸೇರಿ ಅದನ್ನ ಒಂದಡಿ ಮುಂದಕ್ಕೆ ಎಳೆದ್ವಿ. ಅದರ ಬೆನ್ನನ್ನ ನಾನು ಹುಟ್ಟಿದಾಗಿಂದ ಯಾರೂ ನೋಡಿರಲಿಲ್ಲ. ಒಂದು ಮೂಲೆಲಿ ತುಕ್ಕು ಹಿಡಿದು ಬಣ್ಣ ಪದರ ಪದರವಾಗಿ ಎದ್ದಿತ್ತು, ಬೆರಳಲ್ಲಿ ತಟ್ಟಿದ್ರೆ ಎಣ್ಣೆ ಡಬ್ಬ ತಟ್ಟಿದ ಹಾಗೆ ಸದ್ದು. ಮುಂದೆ ನಾಲ್ಕು ಬೆರಳು ದಪ್ಪದ ಬಾಗಿಲು, ಹಿಂದೆ ತಗಡು. ಅಪ್ಪ ಏನೂ ಮಾತಾಡ್ಲಿಲ್ಲ, ಅವತ್ತು ರಾತ್ರಿ ಊಟನೂ ಸರಿಯಾಗಿ ಮಾಡ್ಲಿಲ್ಲ.

ಅದೇ ಹೊತ್ತಿಗೆ ಇನ್ಶೂರೆನ್ಸ್ ರಿನ್ಯೂವಲ್ ಬಂತು, ಸರ್ವೆಗೆ ಬಂದೋರು ಮೊದಲನೇ ಪ್ರಶ್ನೆನೇ ‘ತಿಜೋರಿ ಗ್ರೇಡ್ ಏನು, ಸರ್ಟಿಫಿಕೇಟ್ ಇದ್ಯಾ’ ಅಂತ ಕೇಳಿದ್ರು. ಇಲ್ಲ. ಸರಿ ಹೊಸದು ತಗೊಳ್ಳೋಣ ಅಂತ ಎರಡು ಕಡೆ ವಿಚಾರಿಸಿದೀನಿ. ಒಬ್ರು 450 ಕೆಜಿದು ತೋರಿಸಿ ನೂರಕ್ಕೆ ನೂರು ಬರ್ಗ್ಲರ್ ಪ್ರೂಫ್ ಸಾರ್ ಅಂತಾರೆ, ಸರ್ಟಿಫಿಕೇಟ್ ಕೇಳಿದ್ರೆ ಒಂದು ಜೆರಾಕ್ಸ್ ಕೊಟ್ರು, ಅದರಲ್ಲಿ 60 ನಿಮಿಷ ಅಂತಿದೆ. ಇನ್ನೊಬ್ರದ್ದು ಹೆಚ್ಚುಕಮ್ಮಿ ಎರಡರಷ್ಟು ರೇಟು, ಬಾಗಿಲ ಒಳಗಡೆ ಒಂದು ಸಣ್ಣ ಪ್ಲೇಟ್ ಹೊಡೆದಿದಾರೆ, ‘ಇಎನ್ 1143-1 ಗ್ರೇಡ್ 1’ ಅಂತ. ಮೂರನೆಯವರೊಬ್ರು ಫೋನಲ್ಲೇ ನಮ್ದು ಟಿಎಲ್-30 ಮಟ್ಟದ್ದು ಅಂದ್ರು. 60 ನಿಮಿಷ, 30 ನಿಮಿಷ, ಗ್ರೇಡ್ 1, ಇದರಲ್ಲಿ ಯಾವುದು ದೊಡ್ಡದು ಯಾವುದು ಚಿಕ್ಕದು ಅಂತಾನೇ ಅರ್ಥ ಆಗ್ತಿಲ್ಲ. ದುಡ್ಡು ಸಾಲ ಮಾಡಿ ಹಾಕ್ತಿರೋದು, ದಯವಿಟ್ಟು ತಿಳಿದೋರು ಬಿಡಿಸಿ ಹೇಳಿ.

ಪೀಣ್ಯ_ಕ್ಯೂಸಿ:

ನಾನು ಪೀಣ್ಯದಲ್ಲಿ ತಿಜೋರಿ ಮಾಡೋ ಒಂದು ಫ್ಯಾಕ್ಟರಿಲಿ 11 ವರ್ಷ ಕ್ವಾಲಿಟಿಲಿ ಇದ್ದೆ, ಈಗ ಬಿಟ್ಟಿದೀನಿ, ಹಾಗಾಗಿ ಯಾರ ಪರನೂ ಅಲ್ಲ.

ಮೊದಲು ಆ 60 ನಿಮಿಷದ ಜೆರಾಕ್ಸ್ ಇನ್ನೊಂದ್ಸಲ ಸರಿಯಾಗಿ ಓದಿ. ನನಗನಿಸೋ ಪ್ರಕಾರ ಅದು ಬೆಂಕಿ ಟೆಸ್ಟಿಂದು, ಕಳ್ಳತನದ್ದಲ್ಲ. ಈ ಎರಡನ್ನೂ ಸೇರಿಸಿ ಹೇಳೋದು ಮಾರ್ಕೆಟ್ಟಲ್ಲಿ ದಿನಾ ನಡೆಯುತ್ತೆ, ನನಗೆ ತುಂಬಾ ಬೇಜಾರಾಗೋ ವಿಷಯ ಇದೇ. ಬೆಂಕಿ ತಡೆಯೋ ತಿಜೋರಿ ಒಳಗೆ ಜಿಪ್ಸಂ ಥರದ್ದೋ ಹಗುರ ಕಾಂಕ್ರೀಟ್ ಥರದ್ದೋ ತುಂಬಿರ್ತಾರೆ, ಶಾಖ ಬಂದಾಗ ಅದರಲ್ಲಿರೋ ನೀರು ಆವಿಯಾಗಿ ಒಳಗಿನ ಬಿಸಿ ಏರದ ಹಾಗೆ ಹಿಡಿದಿಡುತ್ತೆ. ಅಮೆರಿಕದ ಯುಎಲ್ 72 ಟೆಸ್ಟಲ್ಲಿ ಕಾಗದ ಇಡೋ ತಿಜೋರಿ ಆದ್ರೆ ಒಂದು ಗಂಟೆ ಕುಲುಮೆಲಿ ಇಟ್ಟು ಹೊರಗೆ 927 ಡಿಗ್ರಿ ಸೆಲ್ಸಿಯಸ್‌ವರೆಗೂ ಏರಿಸಿದ್ರೂ ಒಳಗೆ 177 ಡಿಗ್ರಿ ದಾಟಬಾರದು. ಪತ್ರ ಉಳಿಸೋಕೆ ಅದು ಒಳ್ಳೇದೇ. ಆದ್ರೆ ಆ ತುಂಬಿದ್ದು ಮೆತ್ತಗಿರುತ್ತೆ, ಕಳ್ಳನ ಮುಂದೆ ನಿಲ್ಲಲ್ಲ. ನಿಮ್ಮದು ಚಿನ್ನ, ಅದು ಕರಗೋದೇ 1064 ಡಿಗ್ರಿಗೆ, ಹಾಗಾಗಿ ನಿಮಗೆ ಮೊದಲನೇ ಚಿಂತೆ ಬೆಂಕಿಯಲ್ಲ.

ಈಗ ಕಳ್ಳತನದ ಟೆಸ್ಟ್. ಜಗತ್ತಲ್ಲಿ ಯಾವ ಲ್ಯಾಬೂ ‘ಇದನ್ನ ಒಡೆಯೋಕೆ ಆಗಲ್ಲ’ ಅಂತ ಬರೆದು ಕೊಡಲ್ಲ. ಎಲ್ಲಾ ತಿಜೋರಿನೂ ಒಡೆಯುತ್ತೆ, ಎಷ್ಟು ಹೊತ್ತಿಗೆ, ಯಾವ ಸಾಮಾನಲ್ಲಿ, ಎಷ್ಟು ಜನ ನಿಂತ್ರೆ ಅನ್ನೋದಷ್ಟೇ ಅವರು ಅಳೆಯೋದು. ಅದೂ ಎಂಥವರು ಒಡೀತಾರೆ ಅಂದ್ರೆ, ಡ್ರಾಯಿಂಗ್ ಎಲ್ಲಾ ಮೇಜಿನ ಮೇಲೆ ಹರವಿಕೊಂಡು, ಎಲ್ಲಿ ಬೋಲ್ಟ್ ಇದೆ ಎಲ್ಲಿ ಲಾಕ್ ಇದೆ ಅಂತ ನೋಡ್ಕೊಂಡು, ಅದನ್ನೇ ವೃತ್ತಿ ಮಾಡ್ಕೊಂಡೋರು.

ಟಿಎಲ್-30 ಅನ್ನೋದು ಅಮೆರಿಕದ ಯುಎಲ್ ಸಂಸ್ಥೆದು, 1894ರಲ್ಲಿ ಶುರುವಾದ ಸಂಸ್ಥೆ, ಈ ಟೆಸ್ಟಿನ ನಂಬರ್ ಯುಎಲ್ 687. 30 ಅಂದ್ರೆ 30 ನಿಮಿಷ, ಆದ್ರೆ ಗಡಿಯಾರದ 30 ನಿಮಿಷ ಅಲ್ಲ. ಟೂಲ್ ಲೋಹಕ್ಕೆ ತಾಗಿದಾಗ ಮಾತ್ರ ಸ್ಟಾಪ್‌ವಾಚ್ ಓಡುತ್ತೆ, ಡಿಸ್ಕ್ ಬದಲಾಯಿಸೋಕೆ ನಿಂತ್ರೆ, ಉಸಿರು ತಗೊಳ್ಳೋಕೆ ನಿಂತ್ರೆ, ಮುಂದೇನು ಮಾಡೋಣ ಅಂತ ಮಾತಾಡ್ತಾ ನಿಂತ್ರೆ ವಾಚ್ ನಿಲ್ಲಿಸ್ತಾರೆ. ಅಷ್ಟರಲ್ಲಿ ಬಾಗಿಲು ತೆರೀಬಾರದು, 6 ಚದರ ಇಂಚಿನ ತೂತೂ ಆಗಬಾರದು. ಇನ್ನೊಂದು ಮಾತು ನಿಮ್ಮ ತಾತನ ತಿಜೋರಿಗೇ ಹೇಳಿ ಮಾಡಿಸಿದ ಹಾಗಿದೆ: ಬರೀ ಟಿಎಲ್-15, ಟಿಎಲ್-30 ಅಂತಿದ್ರೆ ಬಾಗಿಲು ಮತ್ತೆ ಮುಂದಿನ ಮುಖಕ್ಕೆ ಮಾತ್ರ ಈ ಟೆಸ್ಟ್. ಆರೂ ಕಡೆಗೂ ಬೇಕು ಅಂದ್ರೆ ಪಕ್ಕದಲ್ಲಿ ‘ಎಕ್ಸ್6’ ಅಂತ ಇರಬೇಕು. ಗ್ಯಾಸ್ ಕಟ್ಟರಿಗೂ ತಡೀಬೇಕು ಅಂದ್ರೆ ಟಿಆರ್‌ಟಿಎಲ್ ಅಂತಿರಬೇಕು. ಫೋನಲ್ಲಿ ‘ಟಿಎಲ್-30 ಮಟ್ಟದ್ದು’ ಅಂದವರ ಹತ್ರ ಯುಎಲ್ ಲೇಬಲ್ ಎಲ್ಲಿದೆ ಅಂತ ಕೇಳಿ. ಮಟ್ಟದ್ದು, ಪ್ರಕಾರದ್ದು, ಅನುಸಾರವಾಗಿ ಅನ್ನೋ ಪದಗಳೆಲ್ಲಾ ಟೆಸ್ಟ್ ಆಗಿಲ್ಲ ಅನ್ನೋದಕ್ಕೆ ಇರೋ ಪದಗಳು, ನಾನೇ ಅಂಥ ಬ್ರೋಷರ್ ಪ್ರೂಫ್ ಓದಿದೀನಿ.

ಇಎನ್ 1143-1 ಯೂರೋಪಿಂದು, ಅಲ್ಲಿ ನಿಮಿಷ ಬರೆಯಲ್ಲ, ಅಂಕ ಬರೀತಾರೆ, ರೆಸಿಸ್ಟೆನ್ಸ್ ಯೂನಿಟ್ ಅಂತ. ಟೂಲ್ ಎಷ್ಟು ನಿಮಿಷ ಓಡ್ತು ಅನ್ನೋದನ್ನ ಆ ಥರದ ಟೂಲಿಗೆ ಅಂತ ಸ್ಟ್ಯಾಂಡರ್ಡಲ್ಲಿ ಕೊಟ್ಟಿರೋ ಒಂದು ಸಂಖ್ಯೆಗೆ ಗುಣಿಸಿ, ಅದರ ಮೇಲೆ ಆ ಟೂಲ್ ತಂದಿದ್ದಕ್ಕೇ ಒಂದಷ್ಟು ಅಂಕ ಸೇರಿಸ್ತಾರೆ. ಕಳ್ಳ ಸುತ್ತಿಗೆ ಉಳಿ ತರೋದು ಸುಲಭ, ದೊಡ್ಡ ಮಷಿನ್ ಹೊತ್ಕೊಂಡು ಬರೋದು ಕಷ್ಟ, ಅದಕ್ಕೇ ದೊಡ್ಡ ಟೂಲಿಗೆ ಅಂಕ ಜಾಸ್ತಿ. ಕೈ ತೂರಿಸೋ ಅಷ್ಟು ತೂತಿಗೆ ಒಂದು ಲೆಕ್ಕ, ಪೂರ್ತಿ ತೆರೆಯೋಕೆ ಇನ್ನೊಂದು ಲೆಕ್ಕ. ಗ್ರೇಡ್ 0ಗೆ ಎರಡೂ 30, ಗ್ರೇಡ್ 1ಕ್ಕೆ 30 ಮತ್ತು 50, ಗ್ರೇಡ್ 2ಕ್ಕೆ 50 ಮತ್ತು 80, ಗ್ರೇಡ್ 3ಕ್ಕೆ 80 ಮತ್ತು 120, ಹೀಗೆ ಏರ್ತಾ ಹೋಗುತ್ತೆ, ತಿಜೋರಿಗೆ ಗ್ರೇಡ್ 10ರವರೆಗೂ ಇದೆ. ಎಷ್ಟೋ ಕಡೆಯಿಂದ ದಾಳಿ ಮಾಡಿ ನೋಡ್ತಾರೆ, ಅದರಲ್ಲಿ ಎಲ್ಲಕ್ಕಿಂತ ಕಮ್ಮಿ ಬಂದಿದ್ದೇ ಆ ತಿಜೋರಿಯ ಅಂಕ. ಒಂಬತ್ತು ಕಡೆ ಗಟ್ಟಿಯಾಗಿದ್ದು ಹತ್ತನೇ ಕಡೆ ಮೆತ್ತಗಿದ್ರೆ ಹತ್ತನೇದೇ ಲೆಕ್ಕ. ಬಾಗಿಲಿಗೆ ಮಾತ್ರ ಶೃಂಗಾರ ಮಾಡಿ ಬೆನ್ನಿಗೆ ತಗಡು ಹೊಡೆಯೋ ಆಟ ಅಲ್ಲಿ ನಡಿಯಲ್ಲ.

ಲ್ಯಾಬಿಗೆ ಸ್ಯಾಂಪಲ್ ಕಳಿಸೋಕೆ ಮುಂಚೆ ನಾವು ಒಳಗೇ ಒಂದು ಟ್ರಯಲ್ ಮಾಡ್ತಿದ್ವಿ. ನಾನು ವಾಚ್ ಹಿಡ್ಕೊಂಡಿದ್ದ ಮೊದಲನೇ ಟ್ರಯಲ್ ಇವತ್ತಿಗೂ ಕಣ್ಣಿಗೆ ಕಟ್ಟಿದೆ. ಇಬ್ಬರು ಹುಡುಗ್ರು, ಮುಖಕ್ಕೆ ಶೀಲ್ಡ್, ಗ್ರೈಂಡರ್ ತಾಗಿದ ತಕ್ಷಣ ‘ಆನ್’ ಅಂತ ಕೂಗ್ತಾರೆ, ಎತ್ತಿದ ತಕ್ಷಣ ‘ಆಫ್’. ಹೊರಗಿನ ಶೀಟ್ ಬೆಣ್ಣೆ ಥರ ಹೋಯ್ತು, ನನಗೆ ಎದೆ ಹೊಡ್ಕೊಳ್ತಿತ್ತು. ಆಮೇಲೆ ಒಳಗಿನ ಕಾಂಕ್ರೀಟ್ ಶುರುವಾಯ್ತು, ಅದರಲ್ಲಿ ಕೊರಂಡಂ ಕಲ್ಲಿನ ಚೂರು, ಸ್ಟೀಲ್ ಎಳೆ ಎಲ್ಲಾ ಕಲಸಿದ್ವಿ. ಸದ್ದೇ ಬದಲಾಯ್ತು, ಕೂಗ್ತಿದ್ದ ಗ್ರೈಂಡರ್ ನರಳೋ ಹಾಗಾಯ್ತು. ಊಟದ ತಟ್ಟೆ ಅಷ್ಟಗಲ ಇದ್ದ ಡಿಸ್ಕ್ ಹೊರಗೆ ಬಂದಾಗ ಕಾಫಿ ಸಾಸರ್ ಅಷ್ಟಾಗಿತ್ತು. ವಾಚಲ್ಲಿ ತೋರಿಸ್ತಿದ್ದದ್ದು 8 ನಿಮಿಷ ಚಿಲ್ಲರೆ, ಗೋಡೆ ಗಡಿಯಾರದಲ್ಲಿ ಒಂದೂಕಾಲು ಗಂಟೆ ಕಳೆದಿತ್ತು, ಹುಡುಗರ ಶರ್ಟ್ ಹಿಂಡಿದ್ರೆ ನೀರು ಬರೋ ಹಾಗಿತ್ತು. ಸರ್ಟಿಫಿಕೇಟಲ್ಲಿರೋ ಸಣ್ಣ ನಂಬರ್ ನೋಡಿ ಇಷ್ಟೇನಾ ಅಂತ ಯಾರಾದ್ರೂ ಕೇಳಿದಾಗ ನಾನು ಈ ಸಾಸರ್ ಕಥೆನೇ ಹೇಳೋದು.

ಚಿನಿವಾರ_ಮಗ:

ಸರ್ ತುಂಬಾ ಥ್ಯಾಂಕ್ಸ್, ಇಷ್ಟು ಬಿಡಿಸಿ ಇವತ್ತಿನವರೆಗೂ ಯಾರೂ ಹೇಳಿರಲಿಲ್ಲ. ಜೆರಾಕ್ಸ್ ತೆಗೆದು ನೋಡಿದೆ, ನೀವು ಹೇಳಿದ್ದೇ ಸರಿ, ಫೈರ್ ಎಂಡ್ಯೂರೆನ್ಸ್ ಅಂತಿದೆ. ಅದೂ ಬೇರೆ ಮಾಡೆಲ್ ನಂಬರಿಂದು! ಇನ್ನೆರಡು ಡೌಟು. ನಮ್ಮ ದೇಶದ್ದೇ ಐಎಸ್‌ಐ ಇಲ್ವಾ ಇದಕ್ಕೆ? ಮತ್ತೆ ಪ್ಲೇಟ್ ಹೊಡೆದಿದಾರೆ ಅಂದ ಮಾತ್ರಕ್ಕೆ ನಂಬಬಹುದಾ, ಪ್ಲೇಟ್ ಯಾರು ಬೇಕಾದ್ರೂ ಹೊಡೀಬಹುದಲ್ವಾ?

ಪೀಣ್ಯ_ಕ್ಯೂಸಿ:

ಇದೆ. ತಿಜೋರಿಗೆ ಐಎಸ್ 550, ಸ್ಟ್ರಾಂಗ್ ರೂಮ್ ಬಾಗಿಲಿಗೆ ಐಎಸ್ 11188, ಬ್ಯಾಂಕಲ್ಲಿರೋ ಲಾಕರ್ ಕ್ಯಾಬಿನೆಟ್ಟಿಗೆ ಐಎಸ್ 5244. ಐಎಸ್‌ಐ ಗುರುತಿನ ಮೇಲುಗಡೆ ಐಎಸ್ ನಂಬರ್ ಇರುತ್ತೆ, ಕೆಳಗಡೆ ಸಿಎಂ/ಎಲ್ ಅಂತ ಶುರುವಾಗೋ ಲೈಸೆನ್ಸ್ ನಂಬರ್ ಇರುತ್ತೆ. ನೀವು ಒಡವೆಗೆ ಎಚ್‌ಯುಐಡಿ, ಅಂದ್ರೆ ಹಾಲ್‌ಮಾರ್ಕ್ ನಂಬರ್, ಚೆಕ್ ಮಾಡೋ ಬಿಐಎಸ್ (ಐಎಸ್‌ಐ ಗುರುತು ಕೊಡೋ ಸಂಸ್ಥೆ) ಕೇರ್ ಆಪ್ ಇದೆಯಲ್ಲಾ, ಅದರಲ್ಲೇ ಈ ಲೈಸೆನ್ಸ್ ನಂಬರೂ ಹಾಕಿ ನೋಡಬಹುದು, ಯಾವ ಕಂಪನಿ, ಯಾವ ಸ್ಟ್ಯಾಂಡರ್ಡ್, ಇನ್ನೂ ಚಾಲ್ತಿಲಿದ್ಯಾ ಅಂತ ಬರುತ್ತೆ. ಬಿಐಎಸ್ ಆಫೀಸ್ ಪೀಣ್ಯದಲ್ಲೇ ತುಮಕೂರು ರೋಡಲ್ಲಿದೆ, ಅನುಮಾನ ಇದ್ರೆ ನೇರ ಹೋಗಿ ಕೇಳಿ.

ಪ್ಲೇಟ್ ವಿಷಯ: ಇಎನ್ ಅಂತ ನಂಬರ್ ಮಾತ್ರ ಇದ್ರೆ ಸಾಲಲ್ಲ. ಸರ್ಟಿಫಿಕೇಟ್ ಕೊಟ್ಟಿದ್ದು ಯಾರು ಅಂತಿರಬೇಕು, ಉದಾಹರಣೆಗೆ ಜರ್ಮನಿ ಫ್ರಾಂಕ್‌ಫರ್ಟಿನ ಇಸಿಬಿ-ಎಸ್, ಕಲೋನಿನ ವಿಡಿಎಸ್. ಗ್ರೇಡ್, ಸೀರಿಯಲ್ ನಂಬರ್, ವರ್ಷ, ತೂಕ ಎಲ್ಲಾ ಅದರಲ್ಲಿರುತ್ತೆ. ಆ ಮಾಡೆಲ್ ಅವರ ಪಟ್ಟಿಲಿ ಇದ್ಯಾ ಅಂತ ಅವರನ್ನೇ ಕೇಳಬಹುದು. ಟೆಸ್ಟಲ್ಲಿ ಒಡೆದದ್ದು ಒಂದು ಸ್ಯಾಂಪಲ್, ನಿಮ್ಮ ಅಂಗಡಿಗೆ ಬರೋದು ಇನ್ನೊಂದು, ಎರಡೂ ಒಂದೇ ಥರ ಇರ್ಬೇಕು ಅಂದ್ರೆ ಯಾರಾದ್ರೂ ಫ್ಯಾಕ್ಟರಿಗೆ ಬಂದು ಆಗಾಗ ನೋಡ್ತಿರಬೇಕು. ಸುಮ್ಮನೆ ಟೆಸ್ಟ್ ರಿಪೋರ್ಟಿಗೂ ಸರ್ಟಿಫಿಕೇಟಿಗೂ ಇರೋ ವ್ಯತ್ಯಾಸ ಇದೇ.

ಪಾಲಿಸಿ_ಮೇಡಂ_ಜಯನಗರ:

ಇನ್ಶೂರೆನ್ಸ್ ಸರ್ವೇ ಕೆಲಸದಲ್ಲಿರೋಳು ನಾನು, ಆ ಕಡೆಯಿಂದ ಎರಡು ಮಾತು.

ಬ್ರಿಟನ್ನಲ್ಲಿ ಇನ್ಶೂರೆನ್ಸ್‌ನವರು ಪ್ರತಿ ಗ್ರೇಡಿಗೂ ಒಂದು ಮೊತ್ತ ಕಟ್ಟಿಬಿಟ್ಟಿದಾರೆ, ಗ್ರೇಡ್ 1ಕ್ಕೆ 10,000 ಪೌಂಡ್ ನಗದು, ಒಡವೆ ಥರದ್ದಾದ್ರೆ ಅದರ ಹತ್ತರಷ್ಟು ಅಂತ. ಆ ಲೆಕ್ಕನ ಇಲ್ಲಿಗೆ ರೂಪಾಯಿ ಮಾಡಿ ಗುಣಿಸ್ಕೊಂಡು ಕೂರಬೇಡಿ, ನಿಮ್ಮ ಕಂಪನಿ ಯಾವ ಗ್ರೇಡಿಗೆ ಎಷ್ಟು ಒಪ್ಪುತ್ತೆ ಅಂತ ತಿಜೋರಿಗೆ ಅಡ್ವಾನ್ಸ್ ಕೊಡೋಕೆ ಮುಂಚೆ ಇಮೇಲಲ್ಲಿ ಬರೆಸಿಕೊಳ್ಳಿ. ಬಾಯಿ ಮಾತು ಬೇಡಪ್ಪ. ತಿಜೋರಿ ಬಂದು ಕೂತ ಮೇಲೆ ಇದು ಸಾಲಲ್ಲ ಅಂದ್ರೆ ಯಾರೂ ವಾಪಸ್ ತಗೊಳ್ಳಲ್ಲ.

ಇನ್ನೊಂದು, ನಿಮ್ಮ ಜ್ಯುವೆಲರ್ಸ್ ಬ್ಲಾಕ್ ಪಾಲಿಸಿ (ಒಡವೆ ಅಂಗಡಿಯವರ ಇನ್ಶೂರೆನ್ಸ್) ಪುಸ್ತಕ ತೆಗೆದು ಎಕ್ಸ್‌ಕ್ಲೂಷನ್, ಅಂದ್ರೆ ಯಾವುದಕ್ಕೆ ದುಡ್ಡು ಕೊಡಲ್ಲ ಅನ್ನೋ ಭಾಗ ನೀವೇ ಕೂತು ಓದಿ, ಏಜೆಂಟ್ ಓದಿ ಹೇಳೋದಲ್ಲ. ಅಂಗಡಿ ಮುಚ್ಚಿದ ಮೇಲೆ ತಿಜೋರಿ ಹೊರಗೆ ಶೋಕೇಸಲ್ಲಿ ಉಳಿದ ಮಾಲಿಗೆ ಕವರ್ ಇರಲ್ಲ. ಬರ್ಗ್ಲರಿ ಪಾಲಿಸಿಗಳಲ್ಲಿ ಸಾಮಾನ್ಯವಾಗಿ ಇರೋ ಇನ್ನೊಂದು ಷರತ್ತು ಇದೆ, ತಿಜೋರಿಯ ಸ್ವಂತ ಕೀ ಅಥವಾ ಅದರ ಡೂಪ್ಲಿಕೇಟ್ ಹಾಕಿ ತೆಗೆದು ಕದ್ರೆ ಕ್ಲೇಮ್ ಇಲ್ಲ, ಆ ಕೀನ ಹೊಡೆದು ಬಡಿದು ಹೆದರಿಸಿ ಕಿತ್ಕೊಂಡಿದ್ರೆ ಮಾತ್ರ ಇದೆ. ಅಂದ್ರೆ ಗಲ್ಲಾದಲ್ಲೋ ದೇವರ ಫೋಟೋ ಹಿಂದೆನೋ ಎರಡನೇ ಕೀ ಇಟ್ಟು ಮನೆಗೆ ಹೋದ್ರೆ ಗ್ರೇಡ್ 5 ತಿಜೋರಿ ಇದ್ರೂ ಏನೂ ಸಿಗಲ್ಲ. ಹೀಗೆ ಪೂರ್ತಿ ಕ್ಲೇಮ್ ಕಳ್ಕೊಂಡ ಒಬ್ಬ ಹಿರಿಯರನ್ನ ನಾನು ಕಣ್ಣಾರೆ ನೋಡಿದೀನಿ, ಅವರ ಹೆಂಡತಿ ಪಕ್ಕದಲ್ಲೇ ಕೂತಿದ್ರು, ನಾನು ರಿಪೋರ್ಟ್ ಬರೀಲೇಬೇಕಿತ್ತು. ಆದ್ದರಿಂದ ಕೇಳ್ತೀನಿ, ನಿಮ್ಮ ಅಪ್ಪಂಗೆ ಹೇಳಿ, ಎರಡೂ ಕೀ ರಾತ್ರಿ ಅಂಗಡಿಲಿ ಇರಬಾರದು.

ಬ್ಯಾಂಕ್ ಲಾಕರಲ್ಲಿ ಇಡೋಣ ಅಂತ ಯಾರಾದ್ರೂ ಹೇಳಬಹುದು, ಅದು ದಿನದ ವ್ಯಾಪಾರದ ಮಾಲಿಗೆ ಆಗೋ ಮಾತಲ್ಲ. ಜೊತೆಗೆ 2022 ಜನವರಿಯಿಂದ ಇರೋ ಆರ್‌ಬಿಐ ನಿಯಮದಲ್ಲಿ ಕಳ್ಳತನ, ಬೆಂಕಿ, ಸಿಬ್ಬಂದಿ ಮೋಸ ಇವಕ್ಕೆ ಬ್ಯಾಂಕಿನ ಹೊಣೆ ವರ್ಷದ ಬಾಡಿಗೆಯ ನೂರರಷ್ಟಕ್ಕೆ ಸೀಮಿತ.

ಕೀ_ಮೇಸ್ತ್ರಿ:

ನಾನು ಕಲಾಸಿಪಾಳ್ಯದವನು, ಕೀ ಕಳೆದೋದ ತಿಜೋರಿ ತೆಗೆಯೋದೇ ಕೆಲಸ, 26 ವರ್ಷ ಆಯ್ತು. ಹೇಗೆ ತೆಗೀತೀನಿ ಅಂತ ಇಲ್ಲಿ ಹೇಳಲ್ಲ, ಕೇಳಲೂ ಬೇಡಿ. ಒಂದೇ ಮಾತು ಹೇಳ್ತೀನಿ ಅಣ್ಣ, ನಾನು ನೋಡಿದ ಕಳ್ಳತನಗಳಲ್ಲಿ ತಿಜೋರಿನ ಅಂಗಡಿಲೇ ಕೂತು ಒಡೆದಿದ್ದು ಕಮ್ಮಿ, ಹೊತ್ಕೊಂಡು ಹೋಗಿದ್ದೇ ಜಾಸ್ತಿ. ನಮ್ಮ ಪಕ್ಕದ ಬೀದಿಲೇ ಆಯ್ತು, ನಾಲ್ಕು ಜನ, ಎರಡು ಕಬ್ಬಿಣದ ಪೈಪ್ ಕೆಳಗೆ ಹಾಕಿ ಉರುಳಿಸಿಕೊಂಡು ಗೂಡ್ಸ್ ಆಟೋಗೆ ಏರಿಸಿದಾರೆ. ಬೆಳಿಗ್ಗೆ ಹೋಗಿ ನೋಡಿದ್ರೆ ನೆಲದ ಮೇಲೆ ತಿಜೋರಿ ಇದ್ದ ಜಾಗದಲ್ಲಿ ಚೌಕವಾಗಿ ಧೂಳು, ಅಲ್ಲಿಂದ ಬಾಗಿಲ ತನಕ ಗೀರು. ಊರಾಚೆ ತಗೊಂಡು ಹೋದ್ಮೇಲೆ ಅವನಿಗೆ ಯಾವ ಸ್ಟಾಪ್‌ವಾಚು, ವಾರ ಪೂರ್ತಿ ಇದೆ.

ಅದಕ್ಕೇ ಆ ಯೂರೋಪ್ ಸ್ಟ್ಯಾಂಡರ್ಡಲ್ಲಿ 1000 ಕೆಜಿಗಿಂತ ಕಮ್ಮಿ ಇರೋ ತಿಜೋರಿಗೆ ನೆಲಕ್ಕೆ ಬೋಲ್ಟ್ ಹಾಕೋ ತೂತು ಇರಲೇಬೇಕು ಅಂತ ಇದೆ. ಅಮೆರಿಕದ್ರಲ್ಲೂ 340 ಕೆಜಿ ಇರಬೇಕು, ಇಲ್ಲ ಅಂದ್ರೆ ಬೋಲ್ಟ್ ವ್ಯವಸ್ಥೆ ಇರಬೇಕು. ನಮ್ಮ ಜನ ಏನ್ ಮಾಡ್ತಾರೆ, ಟೈಲ್ಸ್ ಒಡೆದುಹೋಗುತ್ತೆ ಅಂತ ಬೋಲ್ಟ್ ಹಾಕ್ಸಲ್ಲ. ಹಾಕ್ಸಿಲ್ಲ ಅಂದ್ರೆ ಗ್ರೇಡ್ ಕಾಗದದ ಮೇಲೇ ಉಳೀತು ಅಷ್ಟೇ. ಟೈಲ್ಸ್ ಮೇಲೆ ಅಲ್ಲ, ಕೆಳಗಿನ ಕಾಂಕ್ರೀಟಿಗೆ ಕಚ್ಚಬೇಕು ಬೋಲ್ಟ್, ಕಂಪನಿ ಕೊಟ್ಟಿರೋ ಬೋಲ್ಟೇ ಹಾಕ್ಸಿ, ಅಂಗಡಿಲಿ ಸಿಗೋ ಯಾವುದೋ ಒಂದಲ್ಲ.

ಲಾಕಿಗೂ ಬೇರೆ ಸರ್ಟಿಫಿಕೇಟ್ ಇದೆ ಅಣ್ಣ, ಇಎನ್ 1300 ಅಂತ, ಎ ಬಿ ಸಿ ಡಿ ಅಂತ ಕ್ಲಾಸು. ಗ್ರೇಡ್ 1, 2ಕ್ಕೆ ಎ ಸಾಕು, 3ಕ್ಕೆ ಬಿ, ಗ್ರೇಡ್ 4ಕ್ಕೆ ಬಿ ಕ್ಲಾಸಿನ ಎರಡು ಲಾಕ್. ಆಮೇಲೆ ಯಾರೋ ಲಾಕ್ ಕೆಟ್ಟೋಯ್ತು ಅಂತ ಲೋಕಲ್ ಲಾಕ್ ಹಾಕಿದ್ರೆ ಮೊದಲಿದ್ದ ಸರ್ಟಿಫಿಕೇಟ್ ಹೋಯ್ತು ಅಂತಲೇ ತಿಳ್ಕೊಳ್ಳಿ.

ಹಳೇ_ಪುಸ್ತಕ_ಅವೆನ್ಯೂ:

ವಿಷಯಕ್ಕೆ ಸ್ವಲ್ಪ ಹಳೇದು ಸೇರಿಸ್ತೀನಿ, ನನಗೆ ಇದು ತುಂಬಾ ಇಷ್ಟದ ಚರಿತ್ರೆ. ಲ್ಯಾಬ್‌ಗಳು ಬರೋಕೆ ಮುಂಚೆ ಬೀಗ ಮಾಡೋರು ಪಂಥ ಕಟ್ತಿದ್ರು. ಲಂಡನ್ನಲ್ಲಿ ಬ್ರಾಮಾ ಕಂಪನಿಯವರು ಇದನ್ನ ಕೀ ಇಲ್ಲದೆ ತೆಗೆದೋರಿಗೆ 200 ಗಿನಿ (ಆಗಿನ ಇಂಗ್ಲೆಂಡಿನ ದುಡ್ಡು) ಬಹುಮಾನ ಅಂತ ಬರೆದು ಬೀಗನ ಅಂಗಡಿ ಕಿಟಕಿಲಿ ಇಟ್ಟಿದ್ರು, ದಶಕಗಟ್ಟಲೆ ಯಾರ ಕೈಲೂ ಆಗಿರಲಿಲ್ಲ. 1851ರ ಮಹಾ ವಸ್ತುಪ್ರದರ್ಶನಕ್ಕೆ ಅಮೆರಿಕದಿಂದ ಬಂದ ಆಲ್ಫ್ರೆಡ್ ಹಾಬ್ಸ್ ಮೊದಲು ಚಬ್ ಅನ್ನೋ ಇನ್ನೊಂದು ಕಂಪನಿಯ ಬೀಗ ತೆಗೆದ, ಆಮೇಲೆ ಈ ಬ್ರಾಮಾ ಬೀಗನೂ ತೆಗೆದ, 16 ದಿನದಲ್ಲಿ ಹರಡಿಕೊಂಡು 51 ಗಂಟೆ ಹಿಡೀತು. ಇಂಗ್ಲೆಂಡ್ ಪೂರ್ತಿ ಗಾಬರಿಯಾಗಿತ್ತಂತೆ. ನನಗನಿಸೋದು, 51 ಗಂಟೆ ತಡೆದಿದ್ದು ಸೋಲಲ್ಲ, ಯಾವ ಕಳ್ಳನಿಗೆ ಅಷ್ಟು ಪುರುಸೊತ್ತು ಸಿಗುತ್ತೆ? ‘ಯಾರ ಕೈಲೂ ಆಗಲ್ಲ’ ಅಂತ ಬೋರ್ಡ್ ಹಾಕಿದ್ದೇ ತಪ್ಪು. ನಿಮ್ಮ ಮೊದಲನೇ ಡೀಲರ್ ಹೇಳಿದ ನೂರಕ್ಕೆ ನೂರು ಅನ್ನೋದೂ ಅದೇ ಬೋರ್ಡು.

ಸೈಟ್_ಇಂಜಿನಿಯರ್_ರಾಜಾಜಿನಗರ:

ಅಂಗಡಿ ಕೆಳಗಡೆನಾ ಮೇಲ್ಗಡೆನಾ ಅಂತ ನೀವು ಹೇಳಿಲ್ಲ. ನಗರ್ತಪೇಟೆ ಕಡೆ ಹಳೇ ಮದ್ರಾಸ್ ಟೆರೇಸ್ ಕಟ್ಟಡಗಳು ಬೇಕಾದಷ್ಟಿವೆ, ಮರದ ತೊಲೆ ಮೇಲೆ ಇಟ್ಟಿಗೆ. ಕಟ್ಟಡ ಎಷ್ಟು ಭಾರ ಹೊರಬೇಕು ಅನ್ನೋ ಐಎಸ್ 875 ಸ್ಟ್ಯಾಂಡರ್ಡ್ ಪ್ರಕಾರ ಈಗಿನ ಮನೆ ಕೋಣೆಗೇ ಚದರ ಮೀಟರಿಗೆ ಸುಮಾರು 200 ಕೆಜಿ ಲೆಕ್ಕ ಹಿಡಿಯೋದು. ನಿಮ್ಮ ತಿಜೋರಿ ಅರ್ಧ ಚದರ ಮೀಟರಲ್ಲಿ 600, 700 ಕೆಜಿ ಇಳಿಸುತ್ತೆ. ಮೇಲ್ಗಡೆ ಆದ್ರೆ ಒಬ್ಬ ಸ್ಟ್ರಕ್ಚರಲ್ ಇಂಜಿನಿಯರ್ ಕರೆಸಿ ನೋಡಿಸದೆ ಇಳಿಸಲೇಬೇಡಿ. ಕೆಳಗಡೆ ಆದ್ರೂ ಕೆಳಗೆ ಹಳೇ ಸಂಪ್ ಏನಾದ್ರೂ ಇದ್ಯಾ ಅಂತ ನೋಡ್ಕೊಳ್ಳಿ.

ಚಿನಿವಾರ_ಮಗ:

ಎಲ್ರಿಗೂ ದೊಡ್ಡ ನಮಸ್ಕಾರ. ಅಂಗಡಿ ಕೆಳಗಡೆನೇ ಸರ್, ನೆಲ ಕಲ್ಲು ಚಪ್ಪಡಿದು, ಸಂಪ್ ಹಿತ್ತಲಲ್ಲಿದೆ.

ಇವತ್ತು ಅಪ್ಪನ್ನೂ ಕರ್ಕೊಂಡು ಎರಡನೇ ಡೀಲರ್ ಹತ್ರ ಹೋಗಿದ್ದೆ. ಬಾಗಿಲು ಪೂರ್ತಿ ತೆಗೆಸಿ ಮೊಬೈಲ್ ಟಾರ್ಚ್ ಹಾಕಿ ಪ್ಲೇಟ್ ಓದಿದ್ವಿ, ಸರ್ಟಿಫಿಕೇಟ್ ಕೊಟ್ಟ ಸಂಸ್ಥೆ ಹೆಸರು, ಗ್ರೇಡ್, ಸೀರಿಯಲ್, ವರ್ಷ, 640 ಕೆಜಿ, ಎಲ್ಲಾ ಇದೆ. ಲಾಕ್ ಕ್ಲಾಸ್ ಕೇಳಿದಾಗ ಅವರು ನನ್ನನ್ನ ಒಂದು ಕ್ಷಣ ನೋಡಿ ಲಾಕಿನ ಕಾಗದ ಬೇರೆ ತಂದುಕೊಟ್ರು. ಸಂಸ್ಥೆಗೆ ಸೀರಿಯಲ್ ನಂಬರ್ ಹಾಕಿ ಮೇಲ್ ಮಾಡಿದೀನಿ, ಇನ್ಶೂರೆನ್ಸಿಗೂ ಮಾಡಿದೀನಿ, ಎರಡೂ ಕಡೆಯಿಂದ ಉತ್ತರ ಬರೋವರೆಗೂ ಅಡ್ವಾನ್ಸ್ ಇಲ್ಲ ಅಂತ ಹೇಳಿ ಬಂದ್ವಿ. ಅಪ್ಪ ಹೊರಡೋವಾಗ ಆ ತಿಜೋರಿ ಹಿಂದೆ ಹೋಗಿ ಬೆರಳು ಮಡಚಿ ಬೆನ್ನಿಗೆ ಎರಡು ಸಲ ತಟ್ಟಿ ನೋಡಿದ್ರು.

ಕೀ_ಮೇಸ್ತ್ರಿ ಅಣ್ಣ, ಕಲ್ಲು ಚಪ್ಪಡಿ ನೆಲಕ್ಕೆ ಬೋಲ್ಟ್ ನೇರ ಹಾಕಬಹುದಾ, ಇಲ್ಲ ಚಪ್ಪಡಿ ತೆಗೆದು ಕಾಂಕ್ರೀಟ್ ಬೆಡ್ ಹಾಕಿಸಬೇಕಾ?

ಕೀ_ಮೇಸ್ತ್ರಿ:

ಚಪ್ಪಡಿ ಕೆಳಗೆ ಬರೀ ಮಣ್ಣಿರುತ್ತೆ ಅಣ್ಣ, ಅದು ಹಿಡಿಯಲ್ಲ. ತೆಗೆಸಿ ಕಂಬಿ ಕಟ್ಟಿ ಬೆಡ್ ಹಾಕ್ಸಿ, ಎಷ್ಟು ದಪ್ಪ ಅಂತ ಬೋಲ್ಟ್ ಜೊತೆ ಬರೋ ಕಾಗದದಲ್ಲಿ ಇರುತ್ತೆ, ಮೇಲೆ ಇಂಜಿನಿಯರ್ ಸರ್ ಇದಾರಲ್ಲಾ ಅವರನ್ನೂ ಕೇಳಿ. 28 ದಿನ ಕ್ಯೂರಿಂಗ್ ಬಿಟ್ಟು ಆಮೇಲೆ ತಿಜೋರಿ ತರಿಸಿ. ಅಲ್ಲಿವರೆಗೂ ಹಳೇದನ್ನ ಗೋಡೆಗೆ ಒತ್ತಿ ಇಟ್ಟು, ಮಾಲು ಕಮ್ಮಿ ಮಾಡ್ಕೊಂಡಿರಿ.